ಪಟ್ಟಿ ಸುತ್ತುವ ಮುನ್ನ ನಾಡಿ: ಕಾಲಿನ ಅಭಿಧಮನಿ ಮತ್ತು ಅಪಧಮನಿ ರೋಗಗಳ ಟಿಪ್ಪಣಿ

ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಪದ ಹಲವು ಅರ್ಥಗಳನ್ನು ಹೊರುತ್ತದೆ. ಮೀನಖಂಡದ ಮೇಲೆ ಸುರುಳಿಯಾಗಿ ಎದ್ದ ರಕ್ತನಾಳವನ್ನು ತೋರಿಸಿ ‘ನರ ಉಬ್ಬಿದೆ’ ಎನ್ನುತ್ತೇವೆ, ಸ್ನಾಯು ಸೆಳೆತಕ್ಕೆ ‘ನರ ಹಿಡಿದುಕೊಂಡಿದೆ’ ಎನ್ನುತ್ತೇವೆ, ಪಾದ ಜೋಮು ಹಿಡಿದರೂ ನರದ ತೊಂದರೆಯೆಂದೇ ಹೇಳುತ್ತೇವೆ. ರೋಗಿ ಈ ಪದ ಬಳಸಿದಾಗ ಅವರ ಬೆರಳು ಯಾವುದನ್ನು ತೋರಿಸುತ್ತಿದೆ ಎಂದು ಗಮನಿಸುವುದರಿಂದಲೇ ನಮ್ಮ ಕೆಲಸ ಆರಂಭವಾಗುತ್ತದೆ. ಈ ಟಿಪ್ಪಣಿಯನ್ನು ಕಾಲಿಗಷ್ಟೇ ಸೀಮಿತಗೊಳಿಸಿದ್ದೇನೆ. ಏಕೆಂದರೆ ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದ) ರೋಗವೂ ಅಪಧಮನಿಯ (ಹೃದಯದಿಂದ ರಕ್ತ ತರುವ ನಾಳದ) ರೋಗವೂ ನೋವು ಮತ್ತು ಹುಣ್ಣು ಎಂಬ ಒಂದೇ ದೂರಿನೊಂದಿಗೆ ಬರುತ್ತವೆ, ಆದರೆ ಒಂದಕ್ಕೆ ಚಿಕಿತ್ಸೆಯಾದದ್ದು ಇನ್ನೊಂದಕ್ಕೆ ಅಪಾಯವಾಗುತ್ತದೆ.

ವಾರ್ಡಿನಲ್ಲಿ ಕಲಿಯಲು ಸೇರಿದ ಮೊದಲ ದಿನಗಳಲ್ಲಿ, ಹುಣ್ಣಾದ ಕಾಲೊಂದಕ್ಕೆ ನಾನು ಬಿಗಿಯಾಗಿ ಪಟ್ಟಿ ಸುತ್ತಲು ಹೊರಟಿದ್ದಾಗ ಹಿರಿಯ ಸಿಸ್ಟರ್ ಕೈ ತಡೆದು, ‘ಪಾದದ ನಾಡಿ ಮುಟ್ಟಿ ನೋಡಿದೆಯೇನಮ್ಮ?’ ಎಂದು ಕೇಳಿದರು. ನಾನು ನೋಡಿರಲಿಲ್ಲ. ಆ ಪ್ರಶ್ನೆಯ ಹಿಂದಿರುವ ಕಾರಣವನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಅಪಧಮನಿಯ ರಕ್ತಕ್ಕೆ ಹೃದಯದ ಒತ್ತಡವಿದೆ. ಅಭಿಧಮನಿಯ ರಕ್ತವಾದರೋ ಪಾದದಿಂದ ಎದೆಯವರೆಗೆ ಮೇಲೇರಬೇಕು. ನಾವು ಅಲುಗಾಡದೆ ನಿಂತಾಗ ಆ ರಕ್ತಸ್ತಂಭದ ಭಾರವೆಲ್ಲ ಕೆಳಗೆ ಬೀಳುವುದರಿಂದ ಪಾದದ ಅಭಿಧಮನಿಯಲ್ಲಿ ಸುಮಾರು 90 ಮಿ.ಮೀ. ಪಾದರಸದಷ್ಟು ಒತ್ತಡವಿರುತ್ತದೆ. ನಡೆಯತೊಡಗಿದಾಗ ಮೀನಖಂಡದ ಸ್ನಾಯುಗಳು ಒಳಗಿನ ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ, ಕವಾಟಗಳು ಅದು ಹಿಂದಿರುಗದಂತೆ ಮುಚ್ಚಿಕೊಳ್ಳುತ್ತವೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಈ ಕವಾಟಗಳನ್ನು ವಿವರವಾಗಿ ಬಣ್ಣಿಸಿದವರು ಇಟಲಿಯ ಪಾದುವಾದ ಅಂಗರಚನಾಶಾಸ್ತ್ರಜ್ಞ ಫಾಬ್ರಿಶಿಯಸ್. ಅವರ ಶಿಷ್ಯ ವಿಲಿಯಂ ಹಾರ್ವೆ 1628ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೀವು ನಿಮ್ಮ ಮುಂಗೈ ಮೇಲೆಯೇ ಮಾಡಬಹುದು. ತೋಳಿಗೆ ಹದವಾದ ಬಿಗಿಯಲ್ಲಿ ಪಟ್ಟಿ ಕಟ್ಟಿ, ಎದ್ದು ಕಾಣುವ ಅಭಿಧಮನಿಯ ಮೇಲೆ ಒಂದು ಬೆರಳನ್ನು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ತೋಳಿನ ಕಡೆಗೆ, ಮುಂದಿನ ಗಂಟಿನಾಚೆಗೆ ಸವರಿರಿ. ನಡುವಿನ ಭಾಗ ಬರಿದಾಗಿಯೇ ಉಳಿಯುತ್ತದೆ, ಮೇಲಿನ ರಕ್ತ ಇಳಿದು ಬರುವುದಿಲ್ಲ. ಆ ಗಂಟೇ ಕವಾಟ.

ಕವಾಟಗಳು ಸಡಿಲವಾದರೆ ರಕ್ತ ಕೆಳಕ್ಕೆ ಜಾರಿ, ಚರ್ಮದಡಿಯ ನಾಳಗಳು ಹಿಗ್ಗಿ ಸೊಟ್ಟಗಾಗುತ್ತವೆ. ಇದೇ ವೆರಿಕೋಸ್ ವೇನ್ಸ್. ಮನೆತನದ ಒಲವು, ಗರ್ಭಧಾರಣೆ, ಬೊಜ್ಜು, ದಿನವಿಡೀ ನಿಂತು ಮಾಡುವ ಕೆಲಸ ಇವುಗಳಿಗೆ ಇದರಲ್ಲಿ ಪಾಲಿದೆ. ಸಂಜೆಯ ಹೊತ್ತಿಗೆ ಕಾಲು ಭಾರವಾಗುವುದು, ಊದಿಕೊಳ್ಳುವುದು, ಕಾಲು ಮೇಲೆತ್ತಿ ಮಲಗಿದರೆ ಹಗುರವಾಗುವುದು ಇದರ ಗುರುತು. ವರ್ಷಗಳು ಕಳೆದಂತೆ ಕಾಲಿನ ಹರಡಿನ (ಪಾದದ ಮೇಲಿನ ಕೀಲಿನ) ಒಳಬದಿಯ ಚರ್ಮ ಕಂದುಬಣ್ಣಕ್ಕೆ ತಿರುಗಿ ಗಡುಸಾಗುತ್ತದೆ, ಕೊನೆಗೆ ಅಲ್ಲಿಯೇ ಆಳವಿಲ್ಲದ, ನೀರು ಒಸರುವ ಹುಣ್ಣಾಗುತ್ತದೆ. ವೈದ್ಯರು ಬರೆಯುವ ಸಿ0ಯಿಂದ ಸಿ6ರವರೆಗಿನ ಶ್ರೇಣಿ ಈ ಪಯಣವನ್ನೇ ಅಳೆಯುತ್ತದೆ. ಸಿ2 ಎಂದರೆ ಉಬ್ಬಿದ ನಾಳ, ಸಿ4 ಎಂದರೆ ಚರ್ಮದ ಬದಲಾವಣೆ, ಸಿ6 ಎಂದರೆ ತೆರೆದ ಹುಣ್ಣು.

ರಕ್ತದ ಹರಿವನ್ನು ಶಬ್ದತರಂಗಗಳಿಂದ ನೋಡುವ ಡಾಪ್ಲರ್ ಸ್ಕ್ಯಾನಿಂಗನ್ನು ರೋಗಿ ನಿಂತಿರುವಾಗ ಮಾಡುತ್ತಾರೆ. ಚರ್ಮದಡಿಯ ನಾಳದಲ್ಲಿ ಅರ್ಧ ಸೆಕೆಂಡಿಗಿಂತ ಹೆಚ್ಚು ಕಾಲ ರಕ್ತ ಹಿಮ್ಮುಖವಾಗಿ ಹರಿದರೆ ಕವಾಟ ಕೆಟ್ಟಿದೆ ಎಂದರ್ಥ. ಚಿಕಿತ್ಸೆಯ ಮೊದಲ ಮೆಟ್ಟಿಲು ಒತ್ತುಕಾಲುಚೀಲ. ಅದರ ಬಿಗಿ ಹರಡಿನಲ್ಲಿ ಹೆಚ್ಚಾಗಿದ್ದು ಮೇಲೇರಿದಂತೆ ಕಡಿಮೆಯಾಗುತ್ತದೆ. ಅದನ್ನು ಬೆಳಿಗ್ಗೆ ಊತ ಏರುವ ಮೊದಲೇ ಧರಿಸಬೇಕು. ಮುಂದಿನದು, ಕೆಟ್ಟ ನಾಳದೊಳಗೆ ತೆಳುವಾದ ತಂತು ತೂರಿಸಿ ಲೇಸರ್ ಅಥವಾ ರೇಡಿಯೋ ತರಂಗಗಳ ಶಾಖದಿಂದ ಅದನ್ನು ಮುಚ್ಚುವುದು, ಇಲ್ಲವೇ ನಾಳವನ್ನು ಒಣಗಿಸುವ ಔಷಧವನ್ನು ಚುಚ್ಚುವುದು. ನಾಳವನ್ನೇ ಮುಚ್ಚಿದರೆ ರಕ್ತ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ತರಗತಿಯಲ್ಲಿ ಎಲ್ಲರೂ ಕೇಳಿದ್ದೆವು. ಕಾಲಿನ ರಕ್ತದ ಬಹುಪಾಲನ್ನು ಒಳಗಿನ ಆಳದ ಅಭಿಧಮನಿಗಳು ಹೊರುತ್ತವೆ, ಆದ್ದರಿಂದ ಅವು ತೆರೆದಿವೆಯೆಂದು ಖಚಿತಪಡಿಸಿಕೊಂಡ ಬಳಿಕವೇ ಹೊರಗಿನದನ್ನು ಮುಚ್ಚುತ್ತಾರೆ. ಹುಣ್ಣು ಮಾಯುವವರೆಗೆ ಕಾಯಬೇಕೆಂಬ ಹಳೆಯ ಅಭ್ಯಾಸವನ್ನು 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ಎವ್ರಾ ಅಧ್ಯಯನ ಪ್ರಶ್ನಿಸಿತು. ಬೇಗನೆ ನಾಳ ಮುಚ್ಚಿದವರಲ್ಲಿ ಹುಣ್ಣು ಮಾಯಲು ಹಿಡಿದ ಮಧ್ಯಾಂಕ ಕಾಲ (ಅರ್ಧದಷ್ಟು ರೋಗಿಗಳ ಹುಣ್ಣು ಮಾಯ್ದ ಅವಧಿ) 56 ದಿನ, ತಡಮಾಡಿದವರಲ್ಲಿ 82 ದಿನ. ಎರಡೂ ಗುಂಪಿನವರಿಗೆ ಒತ್ತುಪಟ್ಟಿಯ ಚಿಕಿತ್ಸೆ ನಡೆದೇ ಇತ್ತು ಎಂಬುದನ್ನು ಮರೆಯಬಾರದು.

ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಬೇರೆಯೇ ತುರ್ತು. ಹರಿವು ಮಂದವಾಗುವುದು, ನಾಳದ ಒಳಪದರಕ್ಕೆ ಪೆಟ್ಟಾಗುವುದು, ಹೆಪ್ಪುಗಟ್ಟುವ ಗುಣ ಹೆಚ್ಚುವುದು ಎಂಬ ಮೂರು ಕಾರಣಗಳನ್ನು ಜರ್ಮನ್ ವೈದ್ಯ ವಿರ್ಶೋ ಅವರ ಹೆಸರಿನಲ್ಲಿ ಕಲಿಯುತ್ತೇವೆ. ಶಸ್ತ್ರಚಿಕಿತ್ಸೆ, ದೀರ್ಘ ಹಾಸಿಗೆವಾಸ, ಕ್ಯಾನ್ಸರ್ ಅಥವಾ ಹೆರಿಗೆಯ ಬಳಿಕ ಒಂದೇ ಕಾಲು ಏಕಾಏಕಿ ಊದಿ ನೋಯತೊಡಗಿದರೆ, ದಯವಿಟ್ಟು ಎಣ್ಣೆ ಹಚ್ಚಿ ತಿಕ್ಕಲು ಬಿಡಬೇಡಿ. ಹೆಪ್ಪು ಕಿತ್ತುಬಂದು ಶ್ವಾಸಕೋಶದ ನಾಳಕ್ಕೆ ಸಿಲುಕಿದರೆ ಪ್ರಾಣಕ್ಕೇ ಕುತ್ತು. ಹೆಪ್ಪು ತಡೆಯುವ ಔಷಧವನ್ನು ಕನಿಷ್ಠ 3 ತಿಂಗಳು ಕೊಡುವುದು ರೂಢಿ. ಆ ಔಷಧ ವಾರ್ಫರಿನ್ ಆದರೆ, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಹೇಳುವ ಐ.ಎನ್.ಆರ್. ಅಳತೆ 2ರಿಂದ 3ರ ನಡುವೆ ಇರಬೇಕು.

ಇನ್ನು ಅಪಧಮನಿ. ಇಲ್ಲಿ ಕೊಬ್ಬು ಮತ್ತು ಸುಣ್ಣದಂಶ ಕೂಡಿ ನಾಳ ಕಿರಿದಾಗುತ್ತದೆ, ಹೊಗೆಸೊಪ್ಪು ಮತ್ತು ಸಕ್ಕರೆಕಾಯಿಲೆ ಅದಕ್ಕೆ ದೊಡ್ಡ ಕಾರಣಗಳು. ಬೀಡಿ ಸೇದುವ ಎಳೆಯ ವಯಸ್ಸಿನ ಗಂಡಸರಲ್ಲಿ ಕಾಣುವ ಬರ್ಜರ್ ಕಾಯಿಲೆ ಮಾತ್ರ ಬೇರೆ ಬಗೆಯದು, ಹೊಗೆಸೊಪ್ಪನ್ನು ಪೂರ್ತಿ ಬಿಡದೆ ಅದು ನಿಲ್ಲುವುದಿಲ್ಲ. ಅಪಧಮನಿ ರೋಗಿಗೆ ಒಂದಿಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತದೆ, ಕೆಲವು ನಿಮಿಷ ನಿಂತರೆ ಬಿಡುತ್ತದೆ. ರೋಗ ಬಲಿತಾಗ ರಾತ್ರಿ ಪಾದ ಉರಿಯುತ್ತದೆ, ಆಗ ರೋಗಿ ಕಾಲನ್ನು ಮಂಚದಿಂದ ಇಳಿಬಿಟ್ಟು ನೆಮ್ಮದಿ ಪಡೆಯುತ್ತಾರೆ. ಅಭಿಧಮನಿ ರೋಗಿ ಕಾಲೆತ್ತುತ್ತಾರೆ, ಅಪಧಮನಿ ರೋಗಿ ಕಾಲಿಳಿಸುತ್ತಾರೆ. ಈ ಒಂದು ವ್ಯತ್ಯಾಸ ನನಗೆ ಹಲವು ಪುಟಗಳಿಗಿಂತ ಹೆಚ್ಚು ನೆರವಾಗಿದೆ. ಇಲ್ಲಿಯ ಹುಣ್ಣು ಬೆರಳ ತುದಿಯಲ್ಲೋ ಹಿಮ್ಮಡಿಯಲ್ಲೋ ಇರುತ್ತದೆ, ಒಣಗಿ ಆಳವಾಗಿರುತ್ತದೆ, ಪಾದ ತಣ್ಣಗಿರುತ್ತದೆ.

ಖಚಿತಪಡಿಸಲು ಎ.ಬಿ.ಐ. ಅಳೆಯಬೇಕು. ಹರಡಿನ ಸಿಸ್ಟೋಲಿಕ್ (ಹೃದಯ ಸಂಕುಚಿಸುವಾಗಿನ) ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಅದು ಸಿಗುತ್ತದೆ. ಹರಡಿನಲ್ಲಿ 84, ತೋಳಿನಲ್ಲಿ 140 ಇದ್ದರೆ 0.6. ಮೌಲ್ಯ 0.9 ಅಥವಾ ಅದಕ್ಕಿಂತ ಕಡಿಮೆಯಾದರೆ ಅಪಧಮನಿ ರೋಗವಿದೆ. ಸಕ್ಕರೆಕಾಯಿಲೆಯವರಲ್ಲಿ ನಾಳ ಗಡುಸಾಗಿ 1.4 ಮೀರಿದ ಸಂಖ್ಯೆ ಬರಬಹುದು. ಅದನ್ನು ಆರೋಗ್ಯವೆಂದು ತಿಳಿಯದೆ ಕಾಲ್ಬೆರಳಿನ ಒತ್ತಡ ಅಳೆಯಬೇಕು.

ಹೊಗೆಸೊಪ್ಪು ಬಿಡುವುದು, ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್, ಹೆಪ್ಪು ತಡೆಯುವ ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಇವುಗಳ ಜೊತೆಗೆ ನಡಿಗೆಯೂ ಇಲ್ಲಿ ಔಷಧ. ನೋವು ಬರುವವರೆಗೆ ನಡೆದು, ನಿಂತು, ಮತ್ತೆ ನಡೆಯುವ ಅಭ್ಯಾಸವನ್ನು ವಾರಕ್ಕೆ 3 ಬಾರಿ, 12 ವಾರ ಮಾಡಿಸಿದರೆ ನಡೆಯಬಲ್ಲ ದೂರ ಹೆಚ್ಚುತ್ತದೆ. ಅದು ಸಾಲದಿದ್ದರೆ ಆಂಜಿಯೋಪ್ಲಾಸ್ಟಿ, ಅಂದರೆ ಕಿರಿದಾದ ನಾಳವನ್ನು ಒಳಗಿನಿಂದ ಹಿಗ್ಗಿಸುವುದು. ಇದನ್ನು 1964ರಲ್ಲಿ ಚಾರ್ಲ್ಸ್ ಡಾಟರ್ ಮೊದಲು ಮಾಡಿದ್ದು ಹೃದಯಕ್ಕಲ್ಲ, ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರ ಕಾಲಿಗೆ. ಬೈಪಾಸ್, ಅಂದರೆ ಮುಚ್ಚಿದ ಭಾಗವನ್ನು ಬಳಸಿ ಹೋಗುವ ಹೊಸ ದಾರಿ, ಮಾಡುವಾಗ ರೋಗಿಯ ತೊಡೆಯ ಅಭಿಧಮನಿಯನ್ನೇ ತೆಗೆದು ತಲೆಕೆಳಗಾಗಿಸಿ ಹೊಲಿಯುತ್ತಾರೆ. ಹಾಗೆ ಮಾಡದಿದ್ದರೆ ಹಾರ್ವೆ ತೋರಿಸಿದ ಅದೇ ಕವಾಟಗಳು ಕೆಳಗಿಳಿಯುವ ರಕ್ತವನ್ನು ತಡೆದುಬಿಡುತ್ತವೆ. ಕಾಲು ಒಮ್ಮೆಲೇ ಬಿಳಿಚಿ, ತಣ್ಣಗಾಗಿ, ಸ್ಪರ್ಶ ಕಳೆದುಕೊಂಡರೆ ಮಾತ್ರ ಕೈಯಲ್ಲಿರುವುದು ಕೆಲವೇ ಗಂಟೆಗಳು.

ಮತ್ತೆ ಪಟ್ಟಿಯ ವಿಷಯ. ಎರಡೂ ರೋಗಗಳು ಒಂದೇ ಕಾಲಿನಲ್ಲಿ ಇರುವುದುಂಟು. ಎ.ಬಿ.ಐ. 0.8ಕ್ಕಿಂತ ಕಡಿಮೆಯಿದ್ದರೆ ತಜ್ಞರ ಕಣ್ಗಾವಲಿನಲ್ಲಿ ಒತ್ತಡ ತಗ್ಗಿಸಿ ಸುತ್ತುತ್ತಾರೆ. 0.5ಕ್ಕಿಂತ ಕಡಿಮೆಯಿದ್ದರೆ ಒತ್ತುಪಟ್ಟಿಯನ್ನು ಸುತ್ತುವುದೇ ಇಲ್ಲ, ಮೊದಲು ಅಪಧಮನಿಯ ಹರಿವನ್ನು ಸರಿಪಡಿಸಿ, ಮತ್ತೊಮ್ಮೆ ಅಳೆದು, ಆಮೇಲೆ ನಿರ್ಧರಿಸುತ್ತಾರೆ.