ಆ ಮೂರು ಮೊಟ್ಟೆ ತೆಗೆದುಬಿಡಿ

ಚಳಿ ಶುರುವಾದರೆ ಸಾಕು, ನನ್ನ ಬಳಿ ಬರುವ ಕೋಳಿ ಸಾಕುವವರದು ಒಂದೇ ದೂರು. "ಡಾಕ್ಟ್ರೇ, ಇಪ್ಪತ್ತೊಂದು ದಿನ ಕಾವು ಕೂತಿದೆ, ಒಂದು ಮರಿಯೂ ಎದ್ದಿಲ್ಲ." ಕಾರಣವನ್ನೂ ಅವರೇ ಹೇಳಿಬಿಡುತ್ತಾರೆ: ಹುಂಜ ಸರಿಯಿಲ್ಲ, ಇಲ್ಲವೇ ಹೇಂಟೆಗೆ ಕಾವು ಸಾಲದು. ನಾನು ಎಷ್ಟು ಮೊಟ್ಟೆ ಇಟ್ಟಿದ್ದಿರಿ ಎಂದು ಕೇಳುತ್ತೇನೆ. ಮಾತು ತಡವರಿಸತೊಡಗುತ್ತದೆ. ಹನ್ನೆರಡು ಅನ್ನುತ್ತಾರೆ. ಇನ್ನೊಮ್ಮೆ ಕೇಳಿದರೆ ಹದಿನೈದಾಗುತ್ತದೆ. ಜೊತೆಗೆ ಬಂದ ಮನೆಯವರು "ಆಮೇಲೆ ಎರಡು ಸೇರಿಸಿದ್ರಲ್ಲ" ಎಂದು ನೆನಪಿಸುತ್ತಾರೆ.

ಹೆಚ್ಚಿಗೆ ಇಟ್ಟರೆ ಹೆಚ್ಚಿನ ಎರಡು-ಮೂರು ಕೆಡಬಹುದು, ಉಳಿದವು ಮರಿಯಾಗುತ್ತವಲ್ಲ ಎಂಬುದು ಎಲ್ಲರ ಲೆಕ್ಕ. ಈ ಲೆಕ್ಕ ತಪ್ಪು. ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲವಾದ್ದರಿಂದ ಈ ಸಲ ಬರೆದೇ ಹೇಳುತ್ತಿದ್ದೇನೆ.

ಕಾವಿಗೆ ಬಂದ ಹೇಂಟೆಯ ಎದೆಯ ಕೆಳಗೆ ಗರಿ ಉದುರಿ ಚರ್ಮ ಬೋಳಾಗಿರುತ್ತದೆ. ಮೆಲ್ಲಗೆ ಎತ್ತಿ ನೋಡಿ, ಕೆಂಪಗೆ, ಮುಟ್ಟಿದರೆ ಸುಡುವ ಹಾಗಿರುತ್ತದೆ. ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಮೊಟ್ಟೆಗೆ ಬೇಕಾದ 37, 38 ಡಿಗ್ರಿ ಸಿಗುವುದು ಆ ಬೋಳು ಚರ್ಮ ತಾಗಿದಾಗ. ಸುತ್ತಲಿನ ಗರಿ ಆ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೆ. ಹಾಗಾಗಿ ಗೂಡಿನ ನಡುವಿನ ಮೊಟ್ಟೆಗೂ ಅಂಚಿನ ಮೊಟ್ಟೆಗೂ ಸಿಗುವ ಬಿಸಿ ಒಂದೇ ಅಲ್ಲ. ಹೇಂಟೆಗೆ ಇದು ಗೊತ್ತು. ಅದಕ್ಕೇ ದಿನಕ್ಕೆ ಹತ್ತಾರು ಸಲ ಕೊಕ್ಕಿನಿಂದ ಮೊಟ್ಟೆ ಹೊರಳಿಸಿ, ಅಂಚಿನದನ್ನು ಒಳಗೆ ಎಳೆದುಕೊಂಡು, ಒಳಗಿನದನ್ನು ಅಂಚಿಗೆ ತಳ್ಳುತ್ತದೆ.

ಈಗ ಅದರ ಮೈ ಒಂಬತ್ತು ಮೊಟ್ಟೆ ಮುಚ್ಚುವಷ್ಟಿದೆ, ನೀವು ಹನ್ನೆರಡು ಇಟ್ಟಿದ್ದೀರಿ ಅಂದುಕೊಳ್ಳಿ. ಯಾವ ಹೊತ್ತಿನಲ್ಲಿ ನೋಡಿದರೂ ಮೂರು ಮೊಟ್ಟೆ ಹೊರಗಿರುತ್ತವೆ. ಬೆಳಗ್ಗೆ ಹೊರಗಿದ್ದ ಮೂರು ಸಂಜೆ ಒಳಗೆ ಹೋಗಿ ಬೇರೆ ಮೂರು ಹೊರಬಂದಿರುತ್ತವೆ, ನಾಳೆ ಮತ್ತೆ ಮೂರು. ವಾರ ಕಳೆಯುವಷ್ಟರಲ್ಲಿ ಹನ್ನೆರಡಕ್ಕೆ ಹನ್ನೆರಡೂ ಸರದಿಯಲ್ಲಿ ಚಳಿ ತಿಂದಿರುತ್ತವೆ. ಬೇಸಿಗೆಯಲ್ಲಿ ಇದು ಹೇಗೋ ನಡೆದುಹೋಗುತ್ತದೆ, ಸುತ್ತಲಿನ ಗಾಳಿಯೇ ಬೆಚ್ಚಗಿರುತ್ತದೆ. ಚಳಿಯ ರಾತ್ರಿ ಹಾಗಲ್ಲ. ಹೊರಗುಳಿದ ಮೊಟ್ಟೆ ಬೇಗ ತಣ್ಣಗಾಗುತ್ತದೆ, 20 ಡಿಗ್ರಿಯ ಆಸುಪಾಸಿಗೆ ಇಳಿದರೆ ಒಳಗಿನ ಬೆಳವಣಿಗೆ ನಿಂತೇ ಹೋಗುತ್ತದೆ. ಹೇಂಟೆ ಮೇವಿಗೆ ಎದ್ದ ಹದಿನೈದು, ಇಪ್ಪತ್ತು ನಿಮಿಷ ತಣಿದರೆ ಭಯವಿಲ್ಲ. ರಾತ್ರಿಯಿಡೀ ತಣಿದದ್ದು ಬೇರೆ.

ಒಬ್ಬ ಯಜಮಾನರು ಇದನ್ನು ಖಂಡಿತ ಒಪ್ಪಲಿಲ್ಲ. ಒಡೆಯದೆ ಉಳಿದ ಮೊಟ್ಟೆಗಳನ್ನೆಲ್ಲ ಚೀಲದಲ್ಲಿ ತಂದು ಮೇಜಿನ ಮೇಲಿಟ್ಟು, "ನೋಡಿ, ಬೀಜವೇ ಇಲ್ಲ" ಅಂದರು. ಹೊರಗೆ ಕರೆದುಕೊಂಡು ಹೋಗಿ ಒಂದೊಂದಾಗಿ ಒಡೆದು ತೋರಿಸಿದೆ. ವಾಸನೆಗೆ ಅವರು ಟವೆಲ್ಲು ಮೂಗಿಗೆ ಹಿಡಿದರು. ಒಂದರಲ್ಲಿ ರಕ್ತನಾಳದ ಬಲೆ, ಇನ್ನೊಂದರಲ್ಲಿ ಕಪ್ಪು ಕಣ್ಣು ಮೂಡಿದ ಪಿಂಡ, ಮತ್ತೊಂದರಲ್ಲಿ ಗರಿ ಬಂದ ಮರಿ. ಬೀಜವಿಲ್ಲದ್ದು ಒಂದೇ ಒಂದು. ಚಳಿ ತಿಂದದ್ದು ಅದೇ ಎರಡು-ಮೂರು ಮೊಟ್ಟೆಯಾಗಿದ್ದರೆ ಅವಷ್ಟೇ ಸಾಯಬೇಕಿತ್ತು. ಇಲ್ಲಿ ನೋಡಿದರೆ ಒಂದೊಂದೂ ಒಂದೊಂದು ವಯಸ್ಸಿನಲ್ಲಿ ಸತ್ತಿತ್ತು. ಮರಿ ಸಾಯಲು ಬೇರೆ ಕಾರಣಗಳೂ ಇರುತ್ತವೆ, ಒಡೆದು ನೋಡಿದ ಮಾತ್ರಕ್ಕೆ ಎಲ್ಲ ಹೇಳಲಾಗದು. ಆದರೆ ಆ ಗೂಡಿನ ಮಟ್ಟಿಗೆ ನನಗೆ ಅನುಮಾನ ಉಳಿಯಲಿಲ್ಲ. ಅವರಿಗೆ ಉಳಿದಿತ್ತೋ ಏನೋ, ಹುಂಜವನ್ನಂತೂ ಬದಲಾಯಿಸಿದರು.

ಹಾಗಾದರೆ ಎಷ್ಟು ಇಡಬೇಕು? ಹೇಂಟೆಯ ಗಾತ್ರ, ಮೊಟ್ಟೆಯ ಗಾತ್ರ ಎರಡನ್ನೂ ನೋಡದೆ ಸಂಖ್ಯೆ ಹೇಳಲು ನನಗೆ ಹಿಂಜರಿಕೆ. ಬೆಚ್ಚಗಿನ ದಿನಗಳಲ್ಲಿ ಹನ್ನೆರಡು ಮುಚ್ಚುವ ಹೇಂಟೆಗೆ ಚಳಿಯಲ್ಲಿ ಎಂಟೋ ಒಂಬತ್ತೋ ಸಾಕು. ಅದಕ್ಕಿಂತ ನೆಚ್ಚಬಹುದಾದ ಪರೀಕ್ಷೆ ಇನ್ನೊಂದಿದೆ: ಕತ್ತಲಾದ ಮೇಲೆ, ಹೇಂಟೆ ಸರಿಯಾಗಿ ಕೂತು ನೆಲೆಯಾದ ಹೊತ್ತಿಗೆ, ಟಾರ್ಚ್ ಹಿಡಿದು ನಾಲ್ಕೂ ಕಡೆಯಿಂದ ನೋಡಿ. ಗರಿಯ ಸಂದಿಯಲ್ಲಿ ಎಲ್ಲಾದರೂ ಮೊಟ್ಟೆಯ ಬಿಳುಪು ಕಂಡರೆ ಅಷ್ಟು ಮೊಟ್ಟೆ ತೆಗೆಯಿರಿ. ಮೊದಲ ರಾತ್ರಿಯೇ ತೆಗೆದರೆ ಹೊಟ್ಟೆ ಉರಿಯುವುದಿಲ್ಲ. ಇಟ್ಟ ಮೊಟ್ಟೆಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಬೇರೆ ಕೋಳಿ ಅಲ್ಲೇ ಇಟ್ಟು ಹೋದ ಮೊಟ್ಟೆಯನ್ನು ದಿನಾ ಎತ್ತಿಬಿಡಿ. ಏಳನೇ ದಿನ ಬೆಳಕಿಗೆ ಹಿಡಿದು ನೋಡಿ ಬೀಜವಿಲ್ಲದ್ದನ್ನು ತೆಗೆದರೆ ಉಳಿದವುಗಳಿಗೆ ಜಾಗವಾಗುತ್ತದೆ. ಆ ಜಾಗಕ್ಕೆ ಹೊಸ ಮೊಟ್ಟೆ ತಂದಿಡಬೇಡಿ, ದಯವಿಟ್ಟು.

ಹೇಂಟೆಗೆ ಚಳಿಯಾಗುತ್ತದೆಂದು ತಲೆಯ ಮೇಲೆ ಬಲ್ಬು ತೂಗುಹಾಕುವವರಿದ್ದಾರೆ. ಅಡಿಯಲ್ಲಿ ಒಣಹುಲ್ಲು, ಮೇಲೆ ಬಲ್ಬು. ಕೋಳಿಮನೆಗೆ ಬೆಂಕಿ ಬೀಳಲು ಇನ್ನೇನು ಬೇಕು? ಗಾಳಿ ನೇರ ಬಡಿಯದ ಮೂಲೆ, ನೆಲದ ತಣ್ಪು ತಾಗದಂತೆ ದಪ್ಪಗೆ ಒಣಹುಲ್ಲು ಇಷ್ಟಿದ್ದರೆ ಅದು ತನ್ನ ಚಳಿ ತಾನೇ ನೋಡಿಕೊಳ್ಳುತ್ತದೆ. ಗಾಳಿ ಬಡಿಯಬಾರದೆಂದು ಕಿಂಡಿಗಳಿಗೆಲ್ಲ ಗೋಣಿ ತುರುಕುವುದೂ ಬೇಡ, ಒಳಗಿನ ತೇವವೂ ಹಿಕ್ಕೆಯ ಘಾಟೂ ಹೊರಹೋಗಬೇಕು. ಕಾಳು, ನೀರು ಎರಡು ಹೆಜ್ಜೆ ದೂರದಲ್ಲಿರಲಿ. ಹೇನು, ಉಣ್ಣೆ ಇದ್ದರೆ ಕೂರಿಸುವ ಮೊದಲೇ ಮುಗಿಸಿಕೊಳ್ಳಿ, ಕಡಿತ ತಾಳಲಾರದೆ ಹೇಂಟೆ ನಡುರಾತ್ರಿ ಎದ್ದುಹೋಗುತ್ತದೆ.

ಇಪ್ಪತ್ತೊಂದನೇ ದಿನ ಮರಿ ಬರಲಿಲ್ಲವೆಂದು ಗೂಡು ಕೆದಕುವವರು ಇನ್ನೊಂದು ಬಗೆಯವರು. ನಡುವೆ ತಣಿದ ಮೊಟ್ಟೆ ತಡವಾಗಿ ಒಡೆಯುತ್ತದೆ. ಇನ್ನೆರಡು ದಿನ ಕಾಯಿರಿ, ಹದಿನೆಂಟನೇ ದಿನದಿಂದಾಚೆ ಗೂಡಿಗೆ ಕೈ ಹಾಕಲೇಬೇಡಿ. 23 ದಿನ ದಾಟಿದರೂ ಏನೂ ಇಲ್ಲವೆಂದರೆ ಮೊಟ್ಟೆ ತೆಗೆದು ಹೇಂಟೆಯನ್ನು ಎಬ್ಬಿಸಿ. ಅದು ತಾನಾಗಿ ಏಳುವುದಿಲ್ಲ, ಖಾಲಿ ಗೂಡಿನಲ್ಲೇ ಕೂತು ಎದೆಮೂಳೆ ಕೈಗೆ ಸಿಗುವಷ್ಟು ಸೊರಗುತ್ತದೆ. ಕಾವು ಬಿಡಿಸಲು ತಣ್ಣೀರಿನಲ್ಲಿ ಅದ್ದುವುದನ್ನು ನಾನು ಯಾವ ಕಾಲದಲ್ಲೂ ಒಪ್ಪುವುದಿಲ್ಲ, ಚಳಿಯಲ್ಲಂತೂ ಕೋಳಿಯ ಜೀವಕ್ಕೇ ಅಪಾಯ. ಅಡಿಯಿಂದ ಗಾಳಿಯಾಡುವ ತಂತಿ ತಳದ ಪಂಜರದಲ್ಲಿ, ಬೆಳಕಿರುವ ಕಡೆ, ಹುಲ್ಲು ಹಾಕದೆ ಮೂರು-ನಾಲ್ಕು ದಿನ ಇಟ್ಟು ಹೊಟ್ಟೆ ತುಂಬ ಕಾಳು, ನೀರು ಕೊಡಿ. ಬಿಟ್ಟ ಕೂಡಲೇ ಗೂಡಿನ ಕಡೆ ಓಡಿದರೆ ಇನ್ನೆರಡು ದಿನ ಒಳಗೇ ಇರಲಿ.