ಟರ್ಬೊ ಸಿ: ಕಾಲ ಮುಗಿದ ಮೇಲೂ ಲ್ಯಾಬು ಬಿಡದ ಕಂಪೈಲರ್

ಸಿ ಭಾಷೆಯ ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರ್ ಟರ್ಬೊ ಸಿ. ಅದರಲ್ಲಿ ಫ್ಯಾಕ್ಟೋರಿಯಲ್ (1ರಿಂದ ಆ ಸಂಖ್ಯೆಯವರೆಗಿನ ಎಲ್ಲದರ ಗುಣಲಬ್ಧ) ಪ್ರೋಗ್ರಾಂ ಬರೆದು 7 ಕೊಟ್ಟರೆ 5040 ಎಂಬ ಸರಿಯುತ್ತರ ಬರುತ್ತದೆ. 8 ಕೊಟ್ಟರೆ 40320 ಬರಬೇಕು. ಪರದೆಯ ಮೇಲೆ ಮೂಡುವುದು -25216. ಅಲ್ಲಿ ಪೂರ್ಣಾಂಕ ಇಡುವ ‘ಇಂಟ್’ ಎಂದರೆ 16 ಬಿಟ್. 32767 ದಾಟಿದ ಸಂಖ್ಯೆ ಅದರಲ್ಲಿ ಹಿಡಿಸದೆ ಹೀಗೆ ಋಣ ಸಂಖ್ಯೆಯಾಗಿ ಬಿಡುತ್ತದೆ.

ಆ ಕಂಪೈಲರ್ ಹುಟ್ಟಿದ ಕಾಲಕ್ಕೆ ಇದು ಕೊರತೆಯೇ ಆಗಿರಲಿಲ್ಲ. ವಿಂಡೋಸ್‌ಗೆ ಮುಂಚಿನ ಕಾರ್ಯಾಚರಣ ವ್ಯವಸ್ಥೆಯಾದ ಡಾಸ್ ಇದ್ದ ಕಂಪ್ಯೂಟರುಗಳ ಪ್ರೊಸೆಸರ್ 16 ಬಿಟ್‌ನದು, ಪ್ರೋಗ್ರಾಂಗಳಿಗೆ ಸಿಗುತ್ತಿದ್ದ ಸ್ಮರಣೆ 640 ಕೆಬಿ. ಕೋಡ್ ಬರೆಯಲು ಒಂದು ತಂತ್ರಾಂಶ, ಕಂಪೈಲ್ ಮಾಡಲು ಇನ್ನೊಂದು, ಬಿಡಿ ಭಾಗಗಳನ್ನು ಜೋಡಿಸಿ ಲಿಂಕ್ ಮಾಡಲು ಮತ್ತೊಂದು. ನಡುವೆ ಫ್ಲಾಪಿ ಬದಲಿಸುವ ಕೆಲಸ ಬೇರೆ. 1983ರಲ್ಲಿ ಬೋರ್ಲ್ಯಾಂಡ್ ಕಂಪನಿ ಪ್ಯಾಸ್ಕಲ್ ಭಾಷೆಗೆ ಟರ್ಬೊ ಪ್ಯಾಸ್ಕಲ್ ತಂದು ಈ ಪಾಡನ್ನು ತಪ್ಪಿಸಿತು. ಅದರ ಕಂಪೈಲರ್ ಬರೆದವರು ಡೆನ್ಮಾರ್ಕಿನ ಆಂಡರ್ಸ್ ಹೈಲ್ಸ್‌ಬರ್ಗ್, ಮುಂದೆ ಸಿ ಶಾರ್ಪ್ ಭಾಷೆಯನ್ನು ರೂಪಿಸಿದವರೂ ಅವರೇ. ಬೆಲೆ 49.95 ಡಾಲರ್. ನೂರಾರು ಡಾಲರ್ ತೆತ್ತು ಕಂಪೈಲರ್ ಕೊಳ್ಳುತ್ತಿದ್ದವರಿಗೆ ಇದು ನಂಬಲಾಗದಷ್ಟು ಅಗ್ಗ. ಇದೇ ದಾರಿಯಲ್ಲಿ 1987ರಲ್ಲಿ ಟರ್ಬೊ ಸಿ, 1990ರಲ್ಲಿ ಸಿಯಿಂದ ಬೆಳೆದ ಸಿ ಪ್ಲಸ್ ಪ್ಲಸ್ ಭಾಷೆಗಾಗಿ ಟರ್ಬೊ ಸಿ ಪ್ಲಸ್ ಪ್ಲಸ್ ಬಂದವು.

ಅದರ ಗುಣವನ್ನು ಬಳಸಿದವರೇ ಬಲ್ಲರು. ನೀಲಿ ಪರದೆಯಲ್ಲಿ ಕೋಡ್ ಬರೆದು ಕಂಟ್ರೋಲ್ ಎಫ್9 ಒತ್ತಿದರೆ ಪ್ರೋಗ್ರಾಂ ಓಡುತ್ತದೆ, ಆಲ್ಟ್ ಎಫ್5 ಒತ್ತಿದರೆ ಫಲಿತಾಂಶ ಕಾಣುತ್ತದೆ. ಒಂದೊಂದೇ ಸಾಲು ನಡೆಸಿ ನೋಡಲು ಎಫ್7. ಯಾವುದಾದರೂ ಫಂಕ್ಷನ್‌ನ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಎಫ್1 ಒತ್ತಿದರೆ ಅದರ ವಿವರಣೆ ಉದಾಹರಣೆಯ ಸಮೇತ ತೆರೆದುಕೊಳ್ಳುತ್ತದೆ. ಇಂಟರ್ನೆಟ್ ಇಲ್ಲದ ಊರಿನ ಹುಡುಗಿಯೂ ಯಾರನ್ನೂ ಕೇಳದೆ ಕಲಿಯಬಹುದಿತ್ತು. ನಾಲ್ಕು ಸಾಲಿನಲ್ಲಿ ಪರದೆಯ ಮೇಲೆ ವೃತ್ತ ಬರೆಸುವ ಗ್ರಾಫಿಕ್ಸ್ ಲೈಬ್ರರಿಯೂ ಇತ್ತು. ಕಲಿಯುವವರನ್ನು ಇಷ್ಟು ಆದರದಿಂದ ಕಂಡ ಸಾಧನಗಳು ಇಂದಿಗೂ ವಿರಳ.

ಆದರೆ ಭಾಷೆ ಅಲ್ಲೇ ನಿಲ್ಲಲಿಲ್ಲ. ಸಿ ಪ್ಲಸ್ ಪ್ಲಸ್‌ಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅದಕ್ಕೆ ಮುಂಚಿನ ಟರ್ಬೊಗೆ ಹೆಸರುಗಳನ್ನು ಗುಂಪಾಗಿಡುವ ನೇಮ್‌ಸ್ಪೇಸ್ ಗೊತ್ತಿಲ್ಲ, ನಿಜ-ಸುಳ್ಳು ಹೇಳುವ ‘ಬೂಲ್’ ಗೊತ್ತಿಲ್ಲ, ಇಂದು ದಿನನಿತ್ಯ ಬಳಸುವ, ಬೇಕಾದಂತೆ ಬೆಳೆಯುವ ಪಟ್ಟಿಯಾದ ‘ವೆಕ್ಟರ್’ ಗೊತ್ತಿಲ್ಲ. ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಕೊರತೆ ಇನ್ನೊಂದಿದೆ. ಡಾಸ್‌ನಲ್ಲಿ ಸ್ಮರಣೆಗೆ ಕಾವಲಿಲ್ಲ. ಹತ್ತು ಸಂಖ್ಯೆ ಹಿಡಿಸುವ ಅರೇಯಲ್ಲಿ (ಸಾಲುಪಟ್ಟಿಯಲ್ಲಿ) ಹನ್ನೊಂದನೆಯದನ್ನು ಬರೆದರೂ ಪ್ರೋಗ್ರಾಂ ಎಷ್ಟೋ ಸಲ ಏನೂ ಆಗದಂತೆ ನಡೆದುಬಿಡುತ್ತದೆ. ಪರೀಕ್ಷಕರು ಸರಿಯೆಂದು ಅಂಕ ಕೊಡುತ್ತಾರೆ. ತಪ್ಪು ವಿದ್ಯಾರ್ಥಿಯ ಕೈಯಲ್ಲಿ ರೂಢಿಯಾಗುತ್ತದೆ.

ಇಷ್ಟಾದರೂ ಕರ್ನಾಟಕವೂ ಸೇರಿ ದೇಶದ ಎಷ್ಟೋ ಕಾಲೇಜುಗಳಲ್ಲಿ ಅದು ಎರಡು ದಶಕ ದಾಟಿ ಉಳಿಯಿತು. 64 ಬಿಟ್ ವಿಂಡೋಸ್ 16 ಬಿಟ್ ತಂತ್ರಾಂಶವನ್ನು ಓಡಿಸುವುದಿಲ್ಲ ಎಂದಾದಾಗಲೂ ನಾವು ಬಿಡಲಿಲ್ಲ. ಹಳೆಯ ಡಾಸ್ ಯಂತ್ರವನ್ನೇ ಅನುಕರಿಸುವ ಡಾಸ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಓಡಿಸಿದೆವು. ಲ್ಯಾಬ್ ಕೈಪಿಡಿ, ರೆಕಾರ್ಡ್ ಪುಸ್ತಕ, ಹಳೆಯ ಪ್ರಶ್ನೆಪತ್ರಿಕೆ ಎಲ್ಲವೂ ‘ವಾಯ್ಡ್ ಮೇನ್’, ‘ಗೆಟ್‌ಸಿಎಚ್’ ಎಂಬ ಟರ್ಬೊ ರೂಢಿಯ ಬರಹಗಳಿಂದ ತುಂಬಿದ್ದವು, ಬದಲಾಯಿಸುವ ಹೊಣೆ ಯಾರ ತಲೆಯ ಮೇಲೂ ಇರಲಿಲ್ಲ. ಹೀಗೆ ಒಂದು ಕಂಪನಿಯ ಕಂಪೈಲರಿನ ರೂಢಿಗಳನ್ನೇ ಭಾಷೆಯ ನಿಯಮವೆಂದು ಕಲಿತವರು ಕೆಲಸಕ್ಕೆ ಸೇರಿದ ಮೇಲೆ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಈ ನಷ್ಟವನ್ನು ತಪ್ಪಿಸಬಹುದಾಗಿತ್ತು. ಟರ್ಬೊ ಸಿ ಬಂದ 1987ರಲ್ಲೇ ರಿಚರ್ಡ್ ಸ್ಟಾಲ್‌ಮನ್ ಜಿಸಿಸಿ ಎಂಬ ಸಿ ಕಂಪೈಲರನ್ನು ಬಿಡುಗಡೆ ಮಾಡಿದ್ದರು. ಅದು ಅಂದಿನಿಂದಲೂ ಮುಕ್ತ ತಂತ್ರಾಂಶ, ಇಂದಿಗೂ ಬೆಳೆಯುತ್ತಿದೆ.

ಜಿಸಿಸಿಗೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದನ್ನೂ ಹೇಳಬೇಕು. ಟರ್ಬೊದಂತೆ ಅದು ಎಡಿಟರನ್ನು ಜೊತೆಗೆ ಕೊಡುವುದಿಲ್ಲ, ಹೊಸಬರು ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಮುಂದೆ ತಡವರಿಸುತ್ತಾರೆ. ಅಲ್ಲಿನ ‘ಇಂಟ್’ ಸಾಮಾನ್ಯವಾಗಿ 32 ಬಿಟ್, ಆದರೂ ಅದೇ ಫ್ಯಾಕ್ಟೋರಿಯಲ್ ಪ್ರೋಗ್ರಾಂ 13ಕ್ಕೆ ಬಂದಾಗ ದಾರಿ ತಪ್ಪುತ್ತದೆ: 6227020800ರ ಬದಲು ಸಾಮಾನ್ಯವಾಗಿ 1932053504 ಸಿಗುತ್ತದೆ. ಋಣ ಚಿಹ್ನೆಯೂ ಇಲ್ಲದ್ದರಿಂದ ಅನುಮಾನ ಬರುವುದು ಇನ್ನೂ ಕಷ್ಟ. ಆದರೆ ಕಂಪೈಲ್ ಮಾಡುವಾಗ ಇಂಥ ತಪ್ಪುಗಳನ್ನು ಪ್ರೋಗ್ರಾಂ ಓಡುವಾಗಲೇ ಹಿಡಿಯುವ ಸ್ಯಾನಿಟೈಸರ್ ಆಯ್ಕೆ ಸೇರಿಸಿದರೆ, 13ನ್ನು 479001600ರಿಂದ ಗುಣಿಸಿದ್ದು ‘ಇಂಟ್’ನಲ್ಲಿ ಹಿಡಿಸದು ಎಂದು ಸಾಲಿನ ಸಂಖ್ಯೆ ಸಮೇತ ತಿಳಿಸುತ್ತದೆ. ಲ್ಯಾಬಿನ ಮೊದಲ ವಾರವೇ ಕಲಿಸಬೇಕಾದದ್ದು ಆ ಆಯ್ಕೆಯನ್ನು.