ಕ್ಯಾಂಪಿನಲ್ಲಿ ರಾತ್ರಿ ಮಗಳ ಹೊಣೆ ಯಾರದು?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಒಂಬತ್ತು ವರ್ಷದ ಮಗಳು ಈ ಬೇಸಿಗೆಯಲ್ಲಿ ಎರಡು ವಾರ ಹುಡುಗಿಯರ ಕ್ಯಾಂಪಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಅಲ್ಲಿ ಮಕ್ಕಳ ಜೊತೆ ಕ್ಯಾಬಿನ್‌ನಲ್ಲಿ ಮಲಗುವವರು ಕಾಲೇಜು ಹುಡುಗಿಯರಂತೆ. ಅವರನ್ನು ನಂಬಿ ಕಳಿಸಬಹುದೇ?

ಉತ್ತರ: ನೀವು ಕೇಳಿದ್ದು ನಿಜ. ಅಮೆರಿಕದ ವಸತಿ ಕ್ಯಾಂಪುಗಳಲ್ಲಿ ಕ್ಯಾಬಿನ್ ನೋಡಿಕೊಳ್ಳುವ ಕೌನ್ಸೆಲರ್‌ಗಳು ಬಹುತೇಕ 18ರಿಂದ 22ರೊಳಗಿನವರು. ಎಷ್ಟೋ ಮಂದಿ ಚಿಕ್ಕಂದಿನಲ್ಲಿ ಅದೇ ಕ್ಯಾಂಪಿಗೆ ಬಂದವರು. ಹೈಸ್ಕೂಲಿನಲ್ಲಿದ್ದಾಗ ಅಲ್ಲೇ ಒಂದು ಬೇಸಿಗೆ ಕೆಲಸ ಕಲಿತವರು. ಸಾಂಸ್ಕೃತಿಕ ವಿನಿಮಯಕ್ಕೆಂದು ಕೊಡುವ ಜೆ-1 ವೀಸಾದಲ್ಲಿ ಬೇರೆ ದೇಶಗಳಿಂದ ಬರುವವರೂ ಇರುತ್ತಾರೆ. ಅವರಿಗೂ 18 ತುಂಬಿರಬೇಕು.

ಈ ವಯಸ್ಸು ನನಗೆ ಹೆದರಿಕೆ ಹುಟ್ಟಿಸುವುದಿಲ್ಲ. ಮನೆ ನೆನೆದು ರಾತ್ರಿ ಅಳುವ ಹುಡುಗಿಯ ಪಕ್ಕ ಕುಳಿತು, 'ಮೊದಲ ವರ್ಷ ನಾನೂ ಹೀಗೇ ಅತ್ತಿದ್ದೆ' ಎನ್ನಬಲ್ಲ ಅಕ್ಕ ಅಲ್ಲಿ ಬೇಕೇ ಬೇಕು. ಆದರೆ ಹತ್ತೊಂಬತ್ತರ ಆ ಹುಡುಗಿಯ ಹಿಂದೆ ಯಾರಿದ್ದಾರೆ, ಕಷ್ಟದ ಹೊತ್ತಿನಲ್ಲಿ ನಿರ್ಧಾರ ಯಾರದು? ನೀವು ವಿಚಾರಿಸಬೇಕಾದದ್ದು ಇದನ್ನು.

2025ರ ಜುಲೈ 4ರ ನಸುಕಿನಲ್ಲಿ ಟೆಕ್ಸಾಸ್‌ನ ಗ್ವಾಡಲೂಪೆ ನದಿ ಉಕ್ಕಿ, ಕ್ಯಾಂಪ್ ಮಿಸ್ಟಿಕ್‌ನ 25 ಬಾಲಕಿಯರು ಮತ್ತು ಇಬ್ಬರು ಕೌನ್ಸೆಲರ್‌ಗಳು ಸಾವಿಗೀಡಾದರು. ಮಕ್ಕಳನ್ನು ಉಳಿಸಲು ಹೋದ ನಿರ್ದೇಶಕರೂ ಬದುಕಲಿಲ್ಲ. ಪ್ರವಾಹ ಬಂದರೆ ಕಚೇರಿಯಿಂದ ಸೂಚನೆ ಬರುವವರೆಗೆ ಕ್ಯಾಬಿನ್ ಬಿಡಬಾರದು ಎಂದು ಅಲ್ಲಿನ ಲಿಖಿತ ನಿಯಮವಿತ್ತು. ಆ ಕೌನ್ಸೆಲರ್ ಹುಡುಗಿಯರಲ್ಲಿ ಧೈರ್ಯವಾಗಲಿ ಮಮತೆಯಾಗಲಿ ಕಡಿಮೆ ಇತ್ತೆಂದು ಯಾರೂ ಹೇಳಲಾರರು. ಕಡಿಮೆಯಾದದ್ದು ಹಿರಿಯರು ಮೊದಲೇ ಮಾಡಿಡಬೇಕಿದ್ದ ಸಿದ್ಧತೆ. ಪ್ರವಾಹ ಪ್ರದೇಶದಲ್ಲಿ ಕ್ಯಾಬಿನ್ ಇರಕೂಡದು, ಸಿಬ್ಬಂದಿಗೆ ತುರ್ತು ಸಂದರ್ಭದ ತರಬೇತಿ ಕೊಡಲೇಬೇಕು ಎಂಬ ಕಾನೂನನ್ನು ಟೆಕ್ಸಾಸ್ ಅದೇ ವರ್ಷ ತಂದಿತು. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರೇ ಅದಕ್ಕಾಗಿ ಶಾಸನಸಭೆಯ ಮುಂದೆ ನಿಂತು ಮಾತನಾಡಿದ್ದರು.

ಹಾಗಾಗಿ ಮೊದಲು ನಿರ್ದೇಶಕಿಯ ಜೊತೆಗೇ ಮಾತನಾಡಿ. ಕ್ಯಾಂಪು ಎರಡು ತಿಂಗಳು ನಡೆದರೂ ಆಕೆಯದು ವರ್ಷಪೂರ್ತಿ ಕೆಲಸ: ಸಿಬ್ಬಂದಿಯ ಸಂದರ್ಶನ, ಹಿನ್ನೆಲೆ ಪರಿಶೀಲನೆ, ಮಕ್ಕಳು ಬರುವ ಮುಂಚಿನ ತರಬೇತಿ. ಕೆಲವೆಡೆ ಇದು ಮನೆತನದ ಕೆಲಸವೇ ಆಗಿದೆ. ಮೇಯ್ನ್ ರಾಜ್ಯದ ಸೆಬಾಗೋ ಸರೋವರದ ದಡದಲ್ಲಿ ಗುಲಿಕ್ ದಂಪತಿ 1907ರಲ್ಲಿ ಆರಂಭಿಸಿದ ವೊಹೆಲೊ ಕ್ಯಾಂಪನ್ನು ತಲೆಮಾರುಗಳ ಕಾಲ ಅದೇ ಕುಟುಂಬದವರು ನಡೆಸಿಕೊಂಡು ಬಂದಿದ್ದಾರೆ. ಹಳೆಯ ಹೆಸರನ್ನು ಕಂಡು ಪ್ರಶ್ನೆ ಕೇಳುವುದನ್ನು ಮಾತ್ರ ಬಿಡಬೇಡಿ. ಮಿಸ್ಟಿಕ್ ಕೂಡ 1926ರಿಂದ ನಡೆಯುತ್ತಿದ್ದ ಕ್ಯಾಂಪು.

ರಾತ್ರಿ ಎರಡು ಗಂಟೆಗೆ ಕೌನ್ಸೆಲರ್ ಯಾರನ್ನು ಎಬ್ಬಿಸುತ್ತಾಳೆ, ಹೇಗೆ? ರೇಡಿಯೋ ಇದೆಯೇ? ಅಪಾಯ ಕಣ್ಣೆದುರು ಇದ್ದಾಗ ಅಪ್ಪಣೆಗೆ ಕಾಯದೆ ಮಕ್ಕಳನ್ನು ಹೊರಗೆ ಕರೆದೊಯ್ಯುವ ಅಧಿಕಾರ ಅವಳಿಗಿದೆಯೇ? ಕಳೆದ ವರ್ಷದ ಸಿಬ್ಬಂದಿಯಲ್ಲಿ ಎಷ್ಟು ಮಂದಿ ಮರಳಿ ಬರುತ್ತಿದ್ದಾರೆ? ಈ ಕೊನೆಯ ಪ್ರಶ್ನೆಗೆ ನಾನು ಬಹಳ ಬೆಲೆ ಕೊಡುತ್ತೇನೆ, ಏಕೆಂದರೆ ಒಳಗಿನ ವಾತಾವರಣ ಕೆಟ್ಟಿದ್ದರೆ ಆ ವಯಸ್ಸಿನವರು ಎರಡನೆಯ ಬೇಸಿಗೆಗೆ ಬರುವುದಿಲ್ಲ.

ಮಕ್ಕಳಿಗೆ ತಕ್ಕಷ್ಟು ಜನರಿದ್ದಾರೆಯೇ ಎಂಬುದಕ್ಕೆ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್‌ನ ಮಾನದಂಡವಿದೆ. ವಸತಿ ಕ್ಯಾಂಪಿನಲ್ಲಿ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 14ರವರಾದರೆ ಎಂಟು ಮಕ್ಕಳಿಗೆ ಒಬ್ಬರು. ಈ ಸಂಸ್ಥೆಯ ಮಾನ್ಯತೆ ಐಚ್ಛಿಕ; ರಾಜ್ಯದ ಪರವಾನಗಿ ಬೇರೆ, ಅದರ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಎರಡನ್ನೂ ವಿಚಾರಿಸಿ.

ನರ್ಸ್ ಕ್ಯಾಂಪಿನಲ್ಲೇ ಉಳಿಯುತ್ತಾರೆಯೇ, ಕೆರೆಯ ಬಳಿ ಜೀವರಕ್ಷಕರಿದ್ದಾರೆಯೇ ಎಂಬುದು ಸಾಮಾನ್ಯವಾಗಿ ಅವರ ಮಾಹಿತಿ ಪತ್ರದಲ್ಲೇ ಇರುತ್ತದೆ. ಮಗಳು ಸಸ್ಯಾಹಾರಿಯಾಗಿದ್ದರೆ ಅಡುಗೆಮನೆಯ ಮುಖ್ಯಸ್ಥರ ಜೊತೆಗೇ ಮಾತನಾಡಿ. ಮಾಂಸದ ತುಂಡುಗಳನ್ನು ಆರಿಸಿ ತೆಗೆದು ಬಡಿಸಿದರೆ ಸಾಕೆಂದು ತಿಳಿದವರು ಈಗಲೂ ಇದ್ದಾರೆ. ನಿರ್ದೇಶಕಿ ಈ ಪ್ರಶ್ನೆಗಳಿಗೆ ಬೇಸರಪಟ್ಟುಕೊಂಡರೆ ಮುಂಗಡ ಕಟ್ಟಬೇಡಿ, ಬೇರೆ ಕ್ಯಾಂಪು ಹುಡುಕಿ.